ದೇವಕ್ಕನ ತೋಳಿಗೆ ಕರೆಂಟ್ ಬೆಲ್ಟು

ಹಗಲು ಇನ್ನೂ ಸರಿಯಾಗಿ ಹರಿದಿಲ್ಲ. ಸುರೇಬಾನದ ಊರಾಚೆ, ಜಾಲಿಮುಳ್ಳಿನ ಬೇಲಿಯೊಳಗೆ ದೇವಕ್ಕ ಗೋಣಿತಟ್ಟಿನ ಮೇಲೆ ಕುಳಿತು ಜೋಳದೊಳಗಿನ ಹರಳು ಆರಿಸುತ್ತಿದ್ದಾರೆ. ಕಣ್ಣಿಗಿಂತ ಬೆರಳೇ ಹರಳನ್ನು ಹುಡುಕುತ್ತಿದೆ. ಬೆನ್ನ ಹಿಂದೆ ಹತ್ತು ಮೊಳ ದೂರದ ಗೂಟಕ್ಕೆ ಒಂದು ನಾಯಿ ಕಟ್ಟಿದೆ. ಮುಧೋಳದ ಬೇಟೆ ತಳಿಯದು, ಎರಡು ವರ್ಷದ ಗಂಡು. ಇಂಥದ್ದು ಬೆನ್ನು ಹತ್ತಿದರೆ ಅರ್ಧ ದಾರಿಯಲ್ಲಿ ಮೊಲವೇ ನಿಂತು ‘ತಗೋಪಾ’ ಎಂದು ಕಿವಿ ಕೊಡುತ್ತದೆ. ಆ ನಾಯಿ ಈಗ ಹಲ್ಲು ತೆರೆದು ಗುರುಗುಡುತ್ತಿದೆ. ದೇವಕ್ಕ ತಿರುಗಿ ನೋಡುವುದಿಲ್ಲ. ಆದರೆ ಅದು ಗುರುಗುಟ್ಟಿದಾಗೊಮ್ಮೆ ಆರಿಸುವ ಬೆರಳು ನಿಲ್ಲುತ್ತದೆ, ಮತ್ತೆ ಆಡುತ್ತದೆ.

ನಾಯಿಯ ಹೆಸರು ಸರ್ದಾರ. ಎಂ.ಕೆ. ಹುಬ್ಬಳ್ಳಿಯ ಕಡೆಯ ಕಬ್ಬು ಬೆಳೆಗಾರ ರಾಮಲಿಂಗಪ್ಪ ನಿನ್ನೆ ಮಂಗಳವಾರ ಸಂಜೆ ಟ್ರ್ಯಾಕ್ಸ್ ಗಾಡಿಯಲ್ಲಿ ಹಾಕಿಕೊಂಡು ಬಂದು ಬಿಟ್ಟು ಹೋಗಿದ್ದಾರೆ. ಬರುವ ಮಂಗಳವಾರದವರೆಗೆ ಗಡುವು. ಅಷ್ಟರೊಳಗೆ ಸರಿಹೋಗದಿದ್ದರೆ ದನದ ಡಾಕ್ಟರನ್ನು ಕರೆಸಿ ಸಾವಿನ ಇಂಜೆಕ್ಷನ್ ಕೊಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ರಾಮಲಿಂಗಪ್ಪನವರ ಏಳು ವರ್ಷದ ಮೊಮ್ಮಗಳು ಮೀನಾಳ ಮೇಲೆ ಅದು ಎರಗಿ ಅಂಗಿಯ ತೋಳು ಹರಿದಿದೆ. ಮೈಗೆ ಹಲ್ಲು ತಾಗಿಲ್ಲ ಅನ್ನುವುದಷ್ಟೇ ಪುಣ್ಯ. ಮನೆಯಲ್ಲಿ ಬೇರೆ ಯಾರ ಮೇಲೂ ಅದಕ್ಕೆ ಸಿಟ್ಟಿಲ್ಲ. ಆ ಮಗುವನ್ನು ಕಂಡರೆ ಮಾತ್ರ ಹಲ್ಲು.

ಬೆನ್ನು ಕೊಟ್ಟು ಕೂಡುವುದು ದೇವಕ್ಕನ ಕೆಲಸದ ಮೊದಲ ಪಾಠ. ‘ಅದರ ಮಾರಿ ನೋಡಿದ್ರ ಅದು ನನ್ನ ಕೈ ನೋಡತೈತಿ, ಬಡಿಗಿ ಐತೇನಂತ. ಬೆನ್ನ ಕೊಟ್ಟು ಕುಂತ್ರ ನೋಡಾಕ ಏನೂ ಉಳಿಯೂದಿಲ್ಲ. ಕಡೀಕ ಬ್ಯಾಸರಾಗಿ ತಾನ ಬರತೈತಿ,’ ಅನ್ನುತ್ತಾರೆ.

ವಯಸ್ಸು ಐವತ್ತು. ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದು, ನಾಯಿಮರಿಯನ್ನು ಕುರಿಮರಿಗಳ ನಡುವೆಯೇ ಮಲಗಿಸಿ ಬೆಳೆಸುವುದನ್ನು ಅತ್ತೆಯಿಂದ ಕಲಿತರು. ಹಾಗೆ ಬೆಳೆದ ನಾಯಿ ಕುರಿಯನ್ನು ಅಣ್ಣತಮ್ಮ ಅಂದುಕೊಳ್ಳುತ್ತದೆ. ತೊಂಬತ್ತರಲ್ಲಿ ಪಕ್ಕದ ಹೊಲದವರ ಕಚ್ಚುವ ನಾಯಿಯೊಂದನ್ನು ತಿದ್ದಿಕೊಟ್ಟದ್ದೇ ನೆಪ. ಆಮೇಲೆ ಬೈಲಹೊಂಗಲ, ಸವದತ್ತಿ, ಕಿತ್ತೂರಿನಿಂದ ಬೈಕಿನ ಟಾಂಕಿಯ ಮೇಲೆ, ಕಬ್ಬಿನ ಟ್ರಾಲಿಯೊಳಗೆ, ಒಮ್ಮೆ ಮದುವೆ ದಿಬ್ಬಣದ ಬಸ್ಸಿನಲ್ಲಿಯೂ ನಾಯಿಗಳು ಬಂದವು. ಎಷ್ಟು ನಾಯಿ ತಿದ್ದಿರಬಹುದು ಎಂದರೆ ಗಂಡ ದುಂಡಪ್ಪ ಎರಡು ಸಾವಿರ ಅನ್ನುತ್ತಾರೆ, ದೇವಕ್ಕ ಮುನ್ನೂರರ ಮೇಲೆ ಅನ್ನುತ್ತಾರೆ. ದುಂಡಪ್ಪನವರ ಪ್ರಕಾರ ಈಕೆ ಸೀಟಿ ಹೊಡೆದಾಗ ರಾಮದುರ್ಗದ ಬಸ್ಸು ನಿಂತು, ಡ್ರೈವರ್ ಇಳಿದು ಬಂದು, ಕರೆದಿರೇನು ಎಂದು ಕೇಳಿದ್ದನಂತೆ. ಅದರಲ್ಲಿ ಮುಕ್ಕಾಲು ಕಳೆದರೂ ಬಸ್ಸು ನಿಧಾನವಾದದ್ದಂತೂ ನಿಜವಿರಬೇಕು.

ದಿನಚರಿಯೂ ಸಣ್ಣದಲ್ಲ. ನಾಲ್ಕಕ್ಕೆ ಏಳುವುದು, ನಾಯಿಗಳಿಗೆಂದೇ ಹನ್ನೊಂದು ರೊಟ್ಟಿ ಬಡಿಯುವುದು, ಎರಡು ಹೊತ್ತು ಸೇರಿ ಎಂಟು ಕಿಲೋಮೀಟರ್ ಹೊಲದ ದಾರಿಯಲ್ಲಿ ಅವುಗಳನ್ನು ನಡೆಸುವುದು. ಸರ್ದಾರನ ಹೊರತು ಈಗ ಮೂರಿವೆ. ಬೈಲಹೊಂಗಲದ್ದು ತತ್ತಿ ಕಳ್ಳ. ಸವದತ್ತಿಯದು ಸೈಕಲ್ ಕಂಡರೆ ಬಿಡದು. ಕಿತ್ತೂರಿನದರ ಹೆದರಿಕೆಗೆ ಆ ಓಣಿಗೆ ಮೂರು ತಿಂಗಳು ಟಪಾಲೇ ಬಂದಿಲ್ಲವಂತೆ. ದೇವಕ್ಕನ ಎಡಗೈ ಹೆಬ್ಬೆರಳು ಮಡಚುವುದಿಲ್ಲ. ಎರಡೂ ಕೈಗಳಲ್ಲಿ ಏಳು ಗಾಯದ ಕಲೆಗಳಿವೆ. ಏಳೂ ತನ್ನದೇ ತಪ್ಪು, ಒಂದೂ ನಾಯಿಯದಲ್ಲ ಎಂದು ಅವರ ವಾದ.

ಒಂದು ನೆನಪು ಮಾತ್ರ ಆಕೆಯನ್ನು ಈಗಲೂ ಚುಚ್ಚುತ್ತದೆ. ಏಳು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಸವದತ್ತಿಯ ಹಣಮಂತಪ್ಪನವರ ನಾಯಿಯನ್ನು ಐದೇ ದಿನದಲ್ಲಿ, ಇನ್ನು ಚಿಂತೆಯಿಲ್ಲ ಒಯ್ಯಿರಿ ಎಂದು ಕಳಿಸಿಕೊಟ್ಟಿದ್ದರು. ವಾರದೊಳಗೆ ಅದು ಒಬ್ಬ ಮುದುಕನ ಮೊಣಕಾಲು ಹಿಡಿಯಿತು. ಊರವರು ನಾಯಿಯನ್ನು ಬಡಿದು ಹಾಕಿದರು. ಅಂದಿನಿಂದ ದೇವಕ್ಕ ಯಾರಿಗೂ ಸುಲಭಕ್ಕೆ ಮಾತು ಕೊಡುವುದಿಲ್ಲ. ಈಗ ಎದುರಿಗಿರುವುದು ಮುದುಕನ ಮೊಣಕಾಲಲ್ಲ, ಏಳು ವರ್ಷದ ಕೂಸಿನ ಮುಖ.

ಎಂಟು ಗಂಟೆಗೆ ರಾಮಲಿಂಗಪ್ಪ ಬರುತ್ತಾರೆ. ರಾತ್ರಿ ರಾಮದುರ್ಗದ ಬೀಗರ ಮನೆಯಲ್ಲಿದ್ದರು. ನಿದ್ದೆ ಹತ್ತಿದ ಕಣ್ಣಲ್ಲ. ಜೇಬಿನಿಂದ ಒಂದು ಕರಿ ಬೆಲ್ಟು, ಅದಕ್ಕೆ ಅಂಟಿದ ಬೆಂಕಿಪೆಟ್ಟಿಗೆಯಷ್ಟು ಡಬ್ಬಿ, ಒಂದು ರಿಮೋಟು ತೆಗೆಯುತ್ತಾರೆ. ದುಬೈಯಿಂದ ಬಂದ ಗೆಳೆಯರೊಬ್ಬರು ತಂದುಕೊಟ್ಟ ಕರೆಂಟ್ ಬೆಲ್ಟು. ನಾಯಿಯ ಕೊರಳಿಗೆ ಕಟ್ಟಿ ದೂರದಿಂದ ಗುಂಡಿ ಒತ್ತಿದರೆ ಕೊರಳಿಗೆ ಝುಮ್ಮೆಂದು ಹೊಡೆಯುತ್ತದೆ. ಸರ್ದಾರ ಹನ್ನೊಂದು ಕೋಳಿ ತಿಂದ ಮೇಲೆ ಇದನ್ನು ಕಟ್ಟಿದ್ದರಂತೆ. ‘ಖರೇ ಹೇಳತೇನಿ, ನಾಕ ದಿನದಾಗ ಕೋಳಿ ಕಡೆ ನೋಡೂದ ಬಿಡ್ತು. ಬಡಿಗಿಲೆ ಬಡದ್ರ ಕಾಲು ಮುರೀತಿತ್ತು. ಇದು ಗಾಯಿಲ್ಲ ಏನಿಲ್ಲ. ನೀವೂ ಇದನ್ನ ಹಾಕ್ರಿ ದೇವಕ್ಕ, ಲಗೂ ಆಗತೈತಿ,’ ಅನ್ನುತ್ತಾರೆ. ಅವರು ಕೆಟ್ಟ ಮನುಷ್ಯರಲ್ಲ.

ಗಾಯವಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಸರ್ದಾರನ ಕೊರಳ ಕೆಳಗೆ ಕೂದಲು ಉದುರಿ, ಬೆಲ್ಟಿನ ಎರಡು ಮೊಳೆ ಒತ್ತಿದ ಜಾಗದಲ್ಲಿ ಎರಡು ಕೆಂಪು ಹುಣ್ಣುಗಳಿವೆ. ದೇವಕ್ಕ ಅದನ್ನು ಎತ್ತಿ ಆಡುವುದಿಲ್ಲ. ಬೆಲ್ಟನ್ನು ಕೈಯಲ್ಲಿ ಹಿಡಿದು ತಿರುವಿ ಮುರುವಿ ನೋಡಿ, ಸೀರೆಯ ಸೆರಗು ಸರಿಸಿ ತೋಳು ಚಾಚುತ್ತಾರೆ.

‘ಇದನ್ನ ನನಗ ಕಟ್ರಿ. ನಾ ಜ್ವಾಳಾ ಆರಸಕೋತ ಕುಂದರತೇನಿ. ನೀವು ಗಾಡಿ ಹಿಂದ ನಿಂದರ್ರಿ. ಯಾವಾಗ ಒತ್ತತೀರಿ ಹೇಳಬ್ಯಾಡ್ರಿ.’

ಹೆಣ್ಣುಮಗಳಿಗೆ ಕರೆಂಟು ಕೊಟ್ಟ ಪಾಪ ತನಗೆ ಬೇಡವೆಂದು ರಾಮಲಿಂಗಪ್ಪ ಹಿಂದೆ ಸರಿಯುತ್ತಾರೆ. ನಾಯಿಗೆ ಕೊಟ್ಟಿದ್ದೀರಲ್ಲ, ಅದು ತಿಂದದ್ದನ್ನು ತಾನೂ ತಿನ್ನದಿದ್ದರೆ ಅದರ ಸಂಕಟ ತಿಳಿಯುವುದು ಹೇಗೆ ಎಂದು ದೇವಕ್ಕ ಪಟ್ಟು ಬಿಡುವುದಿಲ್ಲ. ಕಡೆಗೆ ಬೆಲ್ಟು ತೋಳಿಗೆ ಬೀಳುತ್ತದೆ.

ಐದು ನಿಮಿಷ, ಹತ್ತು ನಿಮಿಷ. ಏನೂ ಆಗುವುದಿಲ್ಲ. ದೇವಕ್ಕನ ಹೆಗಲು ಬಿಗಿದಿದೆ, ಕಣ್ಣು ಜೋಳದಲ್ಲಿದೆ. ಇದಾವುದರ ಸುದ್ದಿಯಿಲ್ಲದ ದುಂಡಪ್ಪ ಒಳಗಿನಿಂದ ಚಹಾ ತಂದು ಹೆಂಡತಿಯ ಮುಂದೆ ಬಾಗುತ್ತಾರೆ. ಆ ಹೊತ್ತಿಗೇ ಗಾಡಿಯ ಹಿಂದೆ ಬೆರಳು ಒತ್ತುತ್ತದೆ.

ಮೊರವೇ ಎಗರಿ ಜೋಳ ಅಂಗಳವೆಲ್ಲ ಚೆಲ್ಲುತ್ತದೆ. ಚಹಾ ದುಂಡಪ್ಪನವರ ಎದೆಯ ಮೇಲೆ. ‘ನಿನ್ನ ಕೈಗಿಷ್ಟು ಬೆಂಕಿ ಬೀಳ್ಲಿ, ಏನ್ ಮಾಡಿದೋ ನನಗ?’ ಎಂದು ದೇವಕ್ಕ ಗಂಡನ ಮೇಲೆ ಕೈ ಎತ್ತಿಬಿಟ್ಟಿದ್ದಾರೆ. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಮಂದಿಯ ಮುಂದೆ ಗಂಡನನ್ನು ಹಾಗೆ ಏಕವಚನದಲ್ಲಿ ಬೈದದ್ದು ಇದೇ ಮೊದಲು. ದುಂಡಪ್ಪ ತೋಯ್ದ ಅಂಗಿ ಹಿಡಿದುಕೊಂಡು, ತಾನು ಬರೇ ಚಹಾ ತಂದವನು ಎಂದು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಾರೆ.

ಯಾರೂ ನಗುವುದಿಲ್ಲ. ದೇವಕ್ಕ ಎತ್ತಿದ ಕೈಯನ್ನು ತಾವೇ ನೋಡುತ್ತ ಕೂಡುತ್ತಾರೆ. ಆಮೇಲೆ ಗಾಡಿಯ ಕಡೆ ತಿರುಗುತ್ತಾರೆ.

‘ಒತ್ತಿದವ್ರು ನೀವು. ಬೈಸಿಕೊಂಡವ್ರು ಇವರು. ಸಾವ್ಕಾರ್ರ, ಮನ್ಯಾಗ ನೀವು ಒತ್ತೂವಾಗ ಎಲ್ಲಿ ನಿಂದರತಿದ್ರಿ?’

‘ಮಾಳಿಗಿ ಮ್ಯಾಲೆ. ಅದಕ್ಕ ಕಾಣಸಬಾರದಂತ.’

‘ಆವಾಗ ಅದರ ಮುಂದ ಯಾರಿರತಿದ್ರು?’

ಕೋಳಿ ಎಂದು ಹೇಳಲು ಹೋದ ರಾಮಲಿಂಗಪ್ಪನವರ ಬಾಯಿ ಅರ್ಧಕ್ಕೇ ನಿಲ್ಲುತ್ತದೆ. ರಿಮೋಟು ಹಿಡಿದ ಕೈ ಕೆಳಗಿಳಿಯುತ್ತದೆ. ‘ಮೀನಾ,’ ಅನ್ನುತ್ತಾರೆ. ‘ದಿನಾ ಮುಂಜಾನೆ ಡಬ್ಬಿ ಅಳ್ಳಾಡಿಸಿ ಕೋಳಿಗೆ ಕಾಳ ಹಾಕಾಕಿ ಅಕಿನ.’

ಮರೆಯಬಾರದೆಂದು ಆಮೇಲೂ ಒತ್ತಿದ್ದು ಸೇರಿ ಮೂರು ವಾರ, ದಿನಕ್ಕೆ ಎರಡು ಮೂರು ಸಲ. ಕೋಳಿಗಳು ಕೂಡಿದಾಗ, ಡಬ್ಬಿ ಗಲಗಲ ಎಂದಾಗ, ಕೂಸು ಎದುರಿಗಿದ್ದಾಗ ಕೊರಳಿಗೆ ಹೊಡೆತ ಬಿದ್ದಿದೆ. ನಾಯಿ ಕೋಳಿಯ ಆಸೆ ಬಿಟ್ಟಿತು, ನಿಜ. ಆದರೆ ಹೊಡೆಯುವವಳು ಇವಳೇ ಎಂದು ತನ್ನ ಪಾಡಿಗೆ ತೀರ್ಮಾನವನ್ನೂ ಮಾಡಿಕೊಂಡಿತು.

ಗುರುವಾರ ರಾಮಲಿಂಗಪ್ಪನವರ ಸೊಸೆ ಶೈಲಜಾ ಮಗಳು ಮೀನಾಳನ್ನು ಕರೆದುಕೊಂಡು ಬರುತ್ತಾರೆ. ಒಲ್ಲದ ಮನಸ್ಸು. ನಾಯಿ ಉಳಿದರೆ ತಾನು ಮಗಳೊಂದಿಗೆ ಕಿತ್ತೂರಿನ ತವರಿಗೆ ಹೋಗುವುದಾಗಿ ಮನೆಯಲ್ಲಿ ಹೇಳಿ ಬಂದವರು. ಆ ಮಾತನ್ನು ದೇವಕ್ಕ ತಪ್ಪು ಅನ್ನುವುದಿಲ್ಲ. ತಾಯಿ ಇನ್ನೇನು ಹೇಳಬೇಕು ಎಂದು ಕೇಳುತ್ತಾರೆ. ಮೀನಾ ಅಜ್ಜನ ಧೋತರ ಹಿಡಿದುಕೊಂಡು ನಿಂತಿದ್ದಾಳೆ. ‘ನಾ ಅದಕ್ಕ ಏನೂ ಮಾಡಿಲ್ಲ ಆಯಿ,’ ಅನ್ನುತ್ತಾಳೆ. ಗೊತ್ತಿದೆ ಎಂದು ದೇವಕ್ಕ ಅವಳನ್ನು ತಟ್ಟಿನ ಮೇಲೆ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಾರೆ. ಸರ್ದಾರನ ಹಗ್ಗ ಮಗು ಕುಳಿತ ಜಾಗಕ್ಕೆ ನಾಲ್ಕು ಮೊಳ ಕಡಿಮೆ. ಹಗ್ಗ ಜಗ್ಗಿ ಜಗ್ಗಿ ನಾಯಿಯ ಉಸಿರು ಕರಕರ ಅನ್ನುತ್ತದೆ. ಸಂಜೆಗೆ ಅದು ಮಲಗುತ್ತದೆ. ಶುಕ್ರವಾರ ಮಗು ಹಿಂದಕ್ಕೆ ಎಸೆದ ರೊಟ್ಟಿ ತಿನ್ನುತ್ತದೆ.

ಶನಿವಾರ ದೇವಕ್ಕ ತಪ್ಪುತ್ತಾರೆ. ಎಲ್ಲ ಸರಿಹೋಯಿತು ಅಂದುಕೊಂಡು ಕಾಳಿನ ಡಬ್ಬಿಯನ್ನು ಮೀನಾಳ ಕೈಗೆ ಕೊಟ್ಟು ಒಮ್ಮೆ ಅಲ್ಲಾಡಿಸು ಎನ್ನುತ್ತಾರೆ. ಗಲ್ ಎಂದದ್ದೇ ತಡ, ಸರ್ದಾರ ಹಾರಿದ ರಭಸಕ್ಕೆ ಗೂಟವೇ ಓರೆಯಾಗುತ್ತದೆ. ಗೂಟ ಕಿತ್ತು ಬಂದಿದ್ದರೆ ಏನಾಗುತ್ತಿತ್ತೋ. ಶೈಲಜಾ ಮಗಳನ್ನು ಬಾಚಿಕೊಂಡು ಗಾಡಿ ಹತ್ತಿ ಬಾಗಿಲು ಹಾಕಿಕೊಳ್ಳುತ್ತಾರೆ. ದೇವಕ್ಕ ಗಾಡಿಯ ಕಿಡಕಿಯ ಬಳಿ ಹೋಗಿ, ಇದು ನಾಯಿಯ ತಪ್ಪಲ್ಲ, ತನ್ನ ಅವಸರದ್ದು ಎಂದು ಒಪ್ಪಿಕೊಂಡು ಇನ್ನು ಮೂರು ದಿನ ಕೇಳುತ್ತಾರೆ. ನಾಳೆ ಎಷ್ಟಕ್ಕೆ ಬರಬೇಕು ಎಂದು ಶೈಲಜಾ ಒಳಗಿನಿಂದಲೇ ಕೇಳುತ್ತಾರೆ.

ಆಮೇಲೆ ಡಬ್ಬಿಗೆ ಒಂದೊಂದೇ ಕಾಳು. ಟಣ್ ಅಂದರೆ ಒಂದು ಚೂರು ರೊಟ್ಟಿ. ಮತ್ತೆ ಟಣ್, ಮತ್ತೆ ರೊಟ್ಟಿ. ಭಾನುವಾರ ಇನ್ನೂರು ಸಲ, ಸೋಮವಾರ ಮುನ್ನೂರು. ಆ ಎರಡು ದಿನ ಸರ್ದಾರ ತಿಂದ ರೊಟ್ಟಿಯಲ್ಲಿ ಒಂದು ಮದುವೆ ಮುಗಿಸಬಹುದಿತ್ತು ಎಂದು ದುಂಡಪ್ಪ ಹೇಳುತ್ತಾರೆ. ಸೋಮವಾರ ಸಂಜೆಗೆ ಟಣ್ ಎಂದರೆ ನಾಯಿಯ ಬಾಲ ಆಡುತ್ತದೆ.

ಮಂಗಳವಾರ ಬೆಳಿಗ್ಗೆ ಹಗ್ಗ ಬಿಚ್ಚಬೇಕು. ರಾಮಲಿಂಗಪ್ಪ ಮತ್ತೆ ಬೆಲ್ಟು ತೆಗೆಯುತ್ತಾರೆ. ಬಿಚ್ಚುವುದಾದರೆ ಇದನ್ನು ಕಟ್ಟಿಯೇ ಬಿಚ್ಚಿರಿ, ಏನಾದರೂ ಆಗುವಂತಿದ್ದರೆ ಒತ್ತುತ್ತೇನೆ, ಮೊಮ್ಮಗಳ ಪ್ರಶ್ನೆ ಎಂದು ಅವರ ಹಟ. ರಿಮೋಟಿನ ಗುಂಡಿಯ ಮೇಲೆ ಬೆರಳು ಆಗಲೇ ಕೂತಿದೆ.

‘ಅಂಜಿ ಒಮ್ಮೆ ಒತ್ತಿದ್ರಿ ಅಂದ್ರ, ಕೂಸು ಎದುರಿಗೇ ಇರತೈತಿ. ಎಂಟು ದಿನದ ಕೆಲಸ ಸುಟ್ಟು ಹೋಗತೈತಿ, ಆಮ್ಯಾಲ ಯಾರೂ ತಿದ್ದಾಕ ಆಗೂದಿಲ್ಲ,’ ಅನ್ನುತ್ತಾರೆ ದೇವಕ್ಕ. ‘ನಾಯಿದು ನಾ ಹೇಳತೇನಿ ಸಾವ್ಕಾರ್ರ. ಗುಂಡಿ ಮ್ಯಾಲಿನ ನಿಮ್ಮ ಬೆರಳಿಂದು ಯಾರು ಹೇಳವ್ರು?’

ಮಾತು ಕೊಟ್ಟೇಬಿಟ್ಟಿದ್ದಾರೆ. ಏಳು ವರ್ಷದ ಮೇಲೆ ಮೊದಲ ಸಲ. ರಾಮಲಿಂಗಪ್ಪ ಸೊಸೆಯ ಕಡೆ ನೋಡುತ್ತಾರೆ. ಶೈಲಜಾ ಮುಂದೆ ಬಂದು ಮಾವನ ಕೈಯಿಂದ ರಿಮೋಟು ತೆಗೆದುಕೊಂಡು, ಅದರ ಸೆಲ್ಲು ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಾರೆ.

ಹಗ್ಗ ಬೀಳುತ್ತದೆ. ಸರ್ದಾರ ಒಂದು ಸುತ್ತು ಹಾಕುತ್ತದೆ, ಇನ್ನೊಂದು ಸುತ್ತು ಹಾಕುತ್ತದೆ. ಮೀನಾ ಡಬ್ಬಿ ಹಿಡಿದು ಕುಳಿತಿದ್ದಾಳೆ, ಕಣ್ಣು ಗಟ್ಟಿಯಾಗಿ ಮುಚ್ಚಿದೆ. ನಾಯಿ ಅವಳ ಜಡೆ ಮೂಸುತ್ತದೆ, ಹರಿದು ಹೊಲಿದ ತೋಳು ಮೂಸುತ್ತದೆ. ಹೇಳಿಕೊಟ್ಟಂತೆ ಮೀನಾ ಕಣ್ಣು ಮುಚ್ಚಿಯೇ ಡಬ್ಬಿ ಅಲ್ಲಾಡಿಸುತ್ತಾಳೆ. ಸರ್ದಾರನ ಕಿವಿ ಹಿಂದಕ್ಕೆ ಹೋಗಿ, ನಿಂತು, ಮುಂದಕ್ಕೆ ಬರುತ್ತದೆ. ಅದು ಅವಳ ಮುಂದೆ ಬಂದು ಕುಳಿತು ರೊಟ್ಟಿಗಾಗಿ ಬಾಯಿ ತೆರೆಯುತ್ತದೆ.

ಇದಾಗಿ ಎರಡು ತಿಂಗಳು. ಕೋಳಿಗಳಿಗೆ ಈಗ ಬಲೆಯ ಗೂಡಾಗಿದೆ, ಕಾಳು ಹಾಕುವವಳು ಮೀನಾಳೇ. ಬೆಲ್ಟಿನ ಬಗ್ಗೆ ಕೇಳಿದರೆ ದೇವಕ್ಕ ಬೈಯುವುದಿಲ್ಲ. ‘ಅದು ಸುಳ್ಳು ಅನ್ನಂಗಿಲ್ಲರಿ, ಕೋಳಿ ಉಳದಾವು. ಆದ್ರ ಬ್ಯಾಡ ಅಂತ ಹೇಳಾಕ ನೋವು ಕಳಸಿದ್ರ, ಕಳಸಿದವ್ರ ಹೆಸರು ಅದರ ಜೋಡಿ ಹೋಗೂದಿಲ್ಲ. ಕಂಡವ್ರ ಹೆಸರಿಗೆ ಬರಕೋತೈತಿ ನಾಯಿ.’

ಸರ್ದಾರನಿಗೆ ಎಂಟೇ ದಿನದಲ್ಲಿ ಅಷ್ಟೊಂದು ಕಲಿಸಿದಿರಲ್ಲ ಅಂದರೆ ಆಕೆ ಒಪ್ಪುವುದಿಲ್ಲ. ಹರಳು ಆರಿಸುವ ಕೈ ನಿಲ್ಲಿಸದೆ ಹೇಳುತ್ತಾರೆ:

‘ಅದಕ್ಕ ನಾ ಏನೂ ಕಲಿಸಿಲ್ಲರಿ. ಆ ಕೂಸಿನ ಮ್ಯಾಲೆ ಒಂದು ಸುಳ್ಳ ಅಪವಾದ ಇತ್ತು. ಅದನ್ನ ತಗದೆ, ಅಷ್ಟ.’