ಮೊದಲ ಚಮಚ ಉಸ್ತಾದರಿಗೆ

ಹರಿಹರದ ಗರಡಿಯಲ್ಲಿ ಉಸ್ತಾದ್ ಮಕ್ತುಮ್ ಸಾಬರ ನಾಲಿಗೆ ದಾಟದೆ ಒಂದು ಚಿಟಿಕೆ ಪುಡಿಯೂ ಹುಡುಗರ ಹೊಟ್ಟೆ ಸೇರುವಂತಿರಲಿಲ್ಲ. ಮೀಸೆ ಈಗಷ್ಟೇ ಚಿಗುರಿದ ಆ ಹುಡುಗರು ದಾವಣಗೆರೆ ಪೇಟೆಯಿಂದ, ಪೈಲ್ವಾನನ ಚಿತ್ರ ಅಂಟಿಸಿದ ಶಕ್ತಿಪುಡಿಯ ಡಬ್ಬಿ ತಂದರೆ ಮೊದಲ ಚಮಚ ಉಸ್ತಾದರಿಗೆ ಸಲ್ಲಬೇಕು. ಅವರು ಕಣ್ಣು ಮುಚ್ಚಿ ಚಪ್ಪರಿಸಿ, “ಬರೇ ಸಕ್ರಿ, ಮೈದಾ ಐತೆ ಬೇಟಾ. ನಿಮ್ಮವ್ವಗೆ ಕೊಡು, ಹೋಳಿಗೆ ಮಾಡ್ತಾಳೆ” ಎನ್ನುವರು. ಒಳಗೇನಿದೆಯೆಂದು ತಿಳಿಯದಿದ್ದರೆ ಇನ್ನೆರಡು ಚಮಚ ನುಂಗಿ, ಡಬ್ಬಿಯನ್ನು ತಾವೇ ಇಟ್ಟುಕೊಂಡು, “ನಾಳೆ ನಾನು ನೆಟ್ಟಗೆ ಎದ್ದು ಕುಸ್ತಿಗೆ ಇಳಿದ್ರೆ ಒಯ್ಯಿ” ಎಂದು ಕಳಿಸುವರು. ಬಾಯಿ ಜೋರಿದ್ದ ವಾಮದೇವ, “ನಮ್ಮ ಶಕ್ತಿಯೆಲ್ಲ ಉಸ್ತಾದರ ಹೊಟ್ಟಿಗೆ ಹೋಗ್ತೈತೆ ನೋಡ್ರಲೇ” ಎಂದು ನಗಿಸುವನು. ಆ ಹೊಟ್ಟೆಯೂ ಹಾಗೇ ಇತ್ತೆನ್ನಿ. ಅವರು ಹೊಳೆಗೆ ಇಳಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರೇರುತ್ತದೆಂದು ಊರೇ ಆಡಿಕೊಳ್ಳುತ್ತಿತ್ತು. ಗೋಡೆಯಾಚೆ ಹುಡುಗರಿಗಾಗಿ ಕಡಲೆ ನೆನೆಹಾಕುತ್ತಿದ್ದ ಅವರ ಹೆಂಡತಿ ಜೈನಾಬಿಗೆ ಈ ಮಾತೆಲ್ಲ ಕೇಳಿಸುತ್ತಿತ್ತು. ಒಮ್ಮೆ ವಾಮದೇವನೇ ತಂದ ಡಬ್ಬಿಯ ಪುಡಿ ತಿಂದು ಉಸ್ತಾದರು ದಿನವಿಡೀ ವಾಂತಿ ಮಾಡಿಕೊಂಡು ಹೊರಳಾಡಿದ್ದನ್ನು ಕಂಡವಳು ಅವಳೊಬ್ಬಳೇ. “ಇದೇನ್ ಹುಚ್ಚುರಿ ನಿಮಗೆ?” ಎಂದು ಗದರಿದರೆ, “ಆ ಎಳೇ ಹೊಟ್ಟಿಗೆ ಹೋಗಿದ್ರೆ ಏನ್ ಗತಿಯೇ?” ಎಂದು, ಡಬ್ಬಿಯನ್ನು ಅವಳ ಕೈಯಲ್ಲೇ ಹಿತ್ತಲಲ್ಲಿ ಹೂಳಿಸಿದರು. ಮರುದಿನ ಅವರು ಗೋಡೆ ಹಿಡಿದು ಗರಡಿಗೆ ಬಂದಾಗ ವಾಮದೇವ, “ನನ್ನ ಡಬ್ಬಿ ಪೂರ್ತಿ ಮುಗಿಸಿದ್ರೇನ್ರಿ ಉಸ್ತಾದ್?” ಎಂದ. “ಮುಗೀತಪ್ಪಾ. ಅದನ್ನ ಯಾರೂ ಮತ್ತ ತರಬ್ಯಾಡ್ರಿ, ನನ್ನ ಹೊಟ್ಟಿ ಇನ್ನೂ ಬೆಳೀತೈತೆ” ಎಂದು ನಗುತ್ತ, ಜೈನಾಬಿ ತಂದ ನೆನೆಗಡಲೆಯಲ್ಲಿ ಮೊದಲ ನಾಲ್ಕು ಕಾಳನ್ನು ತಾವು ಅಗಿದು ನೋಡಿ, ಉಳಿದದ್ದನ್ನು ಅವನ ಬೊಗಸೆಗೆ ಸುರಿದರು.