ಮೆಣಸಿನಕಾಯಿ ಕಚ್ಚಿ ಬಿಯರ್ ರುಚಿ ನೋಡುವ ಉಚ್ಚೆಂಗೆಮ್ಮ

ಬೆಳಗಿನ ಜಾವ. ದಾವಣಗೆರೆಯ ಕೆ.ಬಿ. ಬಡಾವಣೆ ಇನ್ನೂ ಆಕಳಿಸುತ್ತಿದೆ. ಇಲ್ಲಿನ ಪುಟ್ಟ ಬಿಯರ್ ಘಟಕದಲ್ಲಿ ಉಚ್ಚೆಂಗೆಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೀಲ್ ಟ್ಯಾಂಕಿನ ನಲ್ಲಿ ತಿರುಗಿಸಿ, ನೇರಳೆ ಹಣ್ಣಿನ ಬಿಯರನ್ನು ಗ್ಲಾಸಿಗೆ ಹಿಡಿಯುತ್ತಾರೆ. ಮೂಸುತ್ತಾರೆ. ಒಂದು ಗುಟುಕು ಬಾಯೊಳಗೆ ಆಡಿಸಿ ಬೇಸಿನ್ನಿಗೆ ಉಗಿಯುತ್ತಾರೆ. "ಹಣ್ಣು ಚಲೋ ಕೂತೈತೆ ನೋಡ್ರಿ. ಒಗರೂ ಐತೆ, ಸಿಹಿನೂ ಐತೆ" ಎಂದು ವರದಿಗೆ ಬಂದ ನನಗೆ ಹೇಳುವಾಗ ಅವರ ನಾಲಿಗೆಯೆಲ್ಲ ನೀಲಿ.

ಹೌದು, ಬಿಯರಿನ ರುಚಿ ನೋಡುವುದೇ ಇವರ ಕೆಲಸ. ಮೂಗು ಮುರಿಯುವವರು ಮುರಿಯಲಿ! ಹರಿಹರ ತಾಲ್ಲೂಕಿನ ಸಾರಥಿಯಿಂದ ಮೊದಲ ಬಸ್ಸಿಗೆ ಬರುವ ಇವರು ಪಿ.ಜೆ. ಬಡಾವಣೆಯ ಜ್ಯೂಸ್ ಅಂಗಡಿಯಲ್ಲಿ ವರ್ಷಗಟ್ಟಲೆ ಹಣ್ಣು ಹೆಚ್ಚಿದವರು. ಇಲ್ಲಿಗೂ ಹಣ್ಣು ಹಿಂಡಲೆಂದೇ ಬಂದು, ನಾಲಿಗೆಯ ಚುರುಕಿನಿಂದ ರುಚಿ ನೋಡುವವರಾದರು. "ಊರಾಗೆ ಒಬ್ಬರಾ ಇಬ್ಬರಾ ಆಡ್ಕೊಂಡೋರು! ಕುಡಿಯಾಕೆ ಸಂಬ್ಳ ಬೇರೆ ಕೊಡ್ತಾರಂತೆ ಈಕಿಗೆ ಅಂದ್ರು. ಸ್ವಂತ ತಂಗಿನೇ ಮಾತು ಬಿಟ್ಲು. ನಾನೇನು ಕಳವು ಮಾಡೀನೇನ್ರಿ?"

ಅವರ ಪರೀಕ್ಷೆ ಇನ್ನೂ ಮುಗಿದಿಲ್ಲ. ಮನೆಯಿಂದ ತಂದ ಡಬ್ಬಿ ತೆರೆದು ಮೆಣಸಿನಕಾಯಿ ಬಜ್ಜಿ ಕಚ್ಚುತ್ತಾರೆ. "ನಮ್ಮ ಮಂದಿ ಮಂಡಕ್ಕಿ ಮೆಣಸಿನಕಾಯಿ ಇಲ್ದೆ ಕುಡಿಯಾಕೆ ಕುಂತ್ಕಂತಾರೇನ್ರಿ? ಅವ್ರು ಹೆಂಗ್ ಕುಡೀತಾರೋ ಹಂಗೇ ನಾನೂ ನೋಡಬೇಕು." ಖಾರಕ್ಕೆ ಕಣ್ಣಲ್ಲಿ ನೀರು. ಒಂದು ಗುಟುಕು, ಮತ್ತೊಂದು. ಮುಖ ಬಿಗಿಯುತ್ತದೆ.

"ಪಾನಕದಂಗೆ ಇಳೀತೈತೆ. ಅಮಲು ಗೊತ್ತೇ ಆಗಂಗಿಲ್ಲ."

ಆದರೆ ಈ ಘಟಕ ಮಾಡಿದವುಗಳಲ್ಲೇ ಇದು ಅತಿ ಸ್ಟ್ರಾಂಗ್ ಎಂದು, ಬಿಯರ್ ತಯಾರಿಸಿದ ರಶ್ಮಿಯ ಅಮಲು ಅಳೆಯುವ ಮೀಟರು ಹೇಳುತ್ತಿದೆ. ಇವತ್ತು ಸಂಜೆಯೇ ಮೊದಲ ಮಾರಾಟ. ದೊಡ್ಡ ಮಗ್ಗಿನ ಚಿತ್ರವಿರುವ ಬೋರ್ಡು ಬಾಗಿಲಲ್ಲಿ ನಿಂತಾಗಿದೆ. ಉಚ್ಚೆಂಗೆಮ್ಮ ಮಾತ್ರ ಇದನ್ನು ಸಣ್ಣ ಗ್ಲಾಸಿನಲ್ಲೇ ಕೊಡಬೇಕು ಎನ್ನುತ್ತಾರೆ.

"ಅಕ್ಕಾ, ಮಗ್ಗು ತರಿಸೀನಿ. ಈಗ ಸಣ್ಣ ಗ್ಲಾಸು ಅಂದ್ರೆ ಜನ ನಗ್ತಾರೆ" ಎಂದು ಮಾಲೀಕ ಯೋಗರಾಜ್ ಗೋಗರೆಯುತ್ತಾರೆ.

"ನಗ್ಲಿ ಬಿಡು ಯೋಗಣ್ಣ. ಗಾಡಿ ಹತ್ತಿ ಹರಿಹರದ ರೋಡಿಗೆ ಹೋದ ಮ್ಯಾಲೆ ಅಮಲು ಏರಿದ್ರೆ ಯಾರು ಹೊಣೆ? ನಾನು ಹೂಂ ಅನ್ನಂಗಿಲ್ಲ."

ಇವರು ಹೂಂ ಅನ್ನದೆ ಇಲ್ಲಿ ಯಾವ ಟ್ಯಾಂಕೂ ಹೊರಗೆ ಹರಿಯುವುದಿಲ್ಲ. ಯೋಗರಾಜ್ ಸಿಡುಕುತ್ತಲೇ ಒಂದು ಬಜ್ಜಿ ಎತ್ತಿಕೊಂಡು, ದೊಡ್ಡ ಮಗ್ಗನ್ನೇ ತುಂಬಿಸಿಕೊಂಡು, ವಾದಕ್ಕೆ ನಿಲ್ಲುತ್ತಾರೆ. ಬೋರ್ಡಿನ ಮಾತು, ಗಿರಾಕಿಯ ಮಾತು, ನಡುವೆ ಖಾರಕ್ಕೊಂದು ಗುಟುಕು. ಬಜ್ಜಿ ಮುಗಿಯುವಷ್ಟರಲ್ಲಿ ಮಗ್ಗು ಖಾಲಿ! ತಳ ನೋಡಿ ಅವರಿಗೇ ಗಾಬರಿ.

"ಅಯ್ಯೋ, ಯಾವಾಗ ಕುಡಿದೆ ನಾನು?"

ಉಚ್ಚೆಂಗೆಮ್ಮ ಕೈ ಚಾಚುತ್ತಾರೆ. "ಬೈಕಿನ ಕೀ ಇಲ್ಲಿ ಕೊಡು. ಆಟೋದಾಗೆ ಹೋಗು."

ಮಗ್ಗುಗಳು ಮರಳಿ ಡಬ್ಬ ಸೇರುತ್ತವೆ. ಬೋರ್ಡನ್ನು ರಶ್ಮಿ ಒಳಗೆ ಎಳೆದು ತರುತ್ತಾರೆ. ಸಣ್ಣ ಗ್ಲಾಸು, ಒಬ್ಬರಿಗೆ ಒಂದೇ. ಈ ಹೆಂಗಸಿನ ಗಟ್ಟಿತನ ಕಂಡು ನನಗಂತೂ ಎದೆ ತುಂಬಿ ಬರುತ್ತದೆ. ಆದರೂ ಕೆಣಕುತ್ತೇನೆ. ರುಚಿ ಹತ್ತಿದವರು ಇನ್ನೊಂದು ಕೊಡಿ ಅಂದರೆ?

"ನಾಳೆ ಬರ್ಲಿ" ಎನ್ನುತ್ತಾರೆ, ಗ್ಲಾಸು ತೊಳೆಯುತ್ತ. "ನಾಳೆ ಬರಾಕೆ ಮನುಷ್ಯ ಇರಬೇಕಲ್ರಿ?"