ಎರಡು ಬಂದೂಕಿಗೆ ಒಂದೇ ಅಚ್ಚು

ಜೇವರ್ಗಿ ಸೀಮೆಯಲ್ಲಿ ಹಾರಿಸಿದ ಕಾಡತೂಸನ್ನು ಮತ್ತೆ ತುಂಬುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆ ಕೆಲಸ ಬಲ್ಲವರೇ ನಾವು ಮೂವರಿದ್ದೆವು, ಅದು ಬೇರೆ ಮಾತು. ಉಳಿದಿಬ್ಬರು ನನ್ನ ಸೋದರಮಾವಂದಿರು. ಮನೆ ಪಾಲಾದಾಗ ಅಣ್ಣನಿಗೊಂದು, ತಮ್ಮನಿಗೊಂದು ರೈಫಲ್ ಹೋಯಿತು. ತುಂಬುವ ಸಾಮಾನು ಮಾತ್ರ ದೊಡ್ಡ ಮಾವನ ಪಡಸಾಲೆಯಲ್ಲೇ ಉಳಿಯಿತು.

ಜೋಳಕ್ಕೆ ಹಂದಿ ಬಿದ್ದಾಗಲೆಲ್ಲ ಸಣ್ಣ ಮಾವ ಕಾಡತೂಸಿನ ಖಾಲಿ ಹಿತ್ತಾಳೆ ಕೊಳವೆಗಳನ್ನು ಜೇಬಿನಲ್ಲಿ ಖಣಖಣ ಅನ್ನಿಸುತ್ತ ಅಲ್ಲಿಗೆ ಬರುತ್ತಿದ್ದ. "ಹೊಡದ ಹಂದಿ ನೀವು ತಿನ್ನಂಗಿಲ್ಲ. ನಿಮ್ಮ ಜೋಳ ಅದು ತಿಂದರ ಯಾಕ್ರಿ ಇಷ್ಟು ಸಿಟ್ಟು?" ಎಂದು ನಾನು ಕಾಡಿಸುತ್ತಿದ್ದೆ. ಚಹಾ, ನಗೆ, ಬೈಗುಳ ಎಲ್ಲ ನಡೆಯುತ್ತಿತ್ತು. ಪಾಲಾದ ಮೇಲೆ ಅಣ್ಣತಮ್ಮಂದಿರು ಒಂದೆಡೆ ಕೂಡಲು ಉಳಿದ ನೆವ ಅದೊಂದೇ.

ಹಾರಿಸಿದ ಕೊಳವೆ ಆ ಬಂದೂಕಿನ ಹೊಟ್ಟೆಯ ಅಳತೆಗೆ ಉಬ್ಬಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಸಣ್ಣದು ಮಾಡಬೇಕು. ಸಣ್ಣ ಮಾವನ ಬಂದೂಕು ಕೂದಲೆಳೆಯಷ್ಟು ಇಕ್ಕಟ್ಟು. ಎರಡಕ್ಕೂ ಕೂಡುವಂತೆ ಮಾಡಲು ಅಚ್ಚನ್ನು ತಿರುವಿ ಪೂರ್ತಿ ಕೆಳಗಿಳಿಸಬೇಕಿತ್ತು. ಹಾಗೆ ಹಿಂಡಿದರೆ ಹಿತ್ತಾಳೆ ಬೇಗ ಸೀಳುತ್ತದೆ. ಮಹಾಯುದ್ಧದ ಲಡಾಯಿ ಶುರುವಾದಾಗಿನಿಂದ ಹೊಸ ಕಾಡತೂಸು ಸಿಗುತ್ತಿರಲಿಲ್ಲ.

ಒಂದು ದಿನ ದೊಡ್ಡ ಮಾವ ಸೀಳಿದ ಕೊಳವೆ ಹಿಡಿದು ಸಿಟ್ಟಾದ. "ಎರಡೂ ಕಡೆ ಕೂಡಸಾಕ ಹೋಗೇ ಹಾಳಾಗಾಕತ್ತದ ನೋಡಲೇ ಅಳಿಯಾ. ನಂದರಾಗ ಕೂಡ್ತದ, ಅವಂದರಾಗ ಕೂಡಂಗಿಲ್ಲ. ಇನ್ನ ಮ್ಯಾಲ ಕೂಡಸೂದ ಬ್ಯಾಡ."

ಬಾಗಿಲಲ್ಲಿ ಸಣ್ಣ ಮಾವ ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಬಿಡುವುದರಲ್ಲಿದ್ದ. ಬಿಟ್ಟಿದ್ದನ್ನು ಮತ್ತೆ ಮೆಟ್ಟಿ ನಡೆದ. ನಮ್ಮ ಕಡೆ ಕಾಡತೂಸೂ ಕೂಡುತ್ತದೆ, ಮನುಷ್ಯರೂ ಕೂಡುತ್ತಾರೆ. ಅವನು ಕೇಳಿಸಿಕೊಂಡಿದ್ದು ಮನುಷ್ಯರ ಮಾತು.

ನಾನು ಹಿಂದೆ ಓಡಿದೆ. "ಮಾವಾ, ಅದು ಕಾಡತೂಸಿನ ಮಾತ್ರೀ!"

"ನನಗ ಕಿವಿ ಇಲ್ಲೇನಲೇ? ನಮ್ಮತ್ತಿ ಬಂದಾಳಂತ ಸುಳ್ಳ ಹೇಳಿ ಮೊನ್ನಿ ಬಿಸಲಾಗ ಮೋಟಾರ್ ಸ್ಟ್ಯಾಂಡಿಗಿ ಓಡಿಸಿದಾಂವ ನೀ. ನಿನ್ನ ಮಾತು ಯಾಂವ ನಂಬಬೇಕು?"

ಅತ್ತೆಯ ಹೆಸರಲ್ಲಿ ನಾನು ಮಾಡಿದ ಆ ಚಾಷ್ಟಿಗೆ, ಆ ತಮಾಷೆಗೆ, ಊರೆಲ್ಲ ನಕ್ಕಿತ್ತು. ಈಗಲೂ ನೆನೆದರೆ ನಗು ಬರುತ್ತದೆ, ಅರ್ಧಕ್ಕೇ ನಿಲ್ಲುತ್ತದೆ.

ಸಣ್ಣ ಮಾವ ಪಡಸಾಲೆಗೆ ಬರುವುದನ್ನೇ ಬಿಟ್ಟ. ಆ ಸಲದ ಜೋಳವನ್ನು ಹಂದಿಗಳು ನೆಮ್ಮದಿಯಾಗಿ ತಿಂದವು. "ಕರದರಷ್ಟ ಬರಬೇಕಂತದ ಏನು? ಅಣ್ಣನ ಮನಿ ಅಲ್ಲೇನದು?" ಎಂದು ದೊಡ್ಡ ಮಾವ ಕಂಬಕ್ಕೆ ಹೇಳಿದಂತೆ ಹೇಳುತ್ತಿದ್ದ. ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ಮುಂಜಾನೆ ನೋಡಿದರೆ ಅಚ್ಚು ಪೂರ್ತಿ ಕೆಳಗಿಳಿದಿತ್ತು.

"ಹಿತ್ತಾಳಿ ಸೀಳ್ತದ್ರಿ ಮಾವಾ."

"ಸೀಳಲಿ ಬಿಡಲೇ. ಇವು ತುಂಬೀನಿ, ಅವಗ ಕೊಟ್ಟು ಬಾ."

ಸಣ್ಣ ಮಾವ ಒಂದನ್ನು ಬಂದೂಕಿಗೆ ಹಾಕಿ ಬೋಲ್ಟ್ ಮುಚ್ಚಿದ. ಬೆಣ್ಣೆಯಂತೆ ಕುಳಿತಿತು. ಮತ್ತೆ ತೆಗೆದ, ಮತ್ತೆ ಹಾಕಿದ. "ಸೋಮವಾರ ಬರ್ತೇನಿ ಅಂತ ಹೇಳು" ಅಂದ.

ಸೋಮವಾರಕ್ಕೆ ಮುಂಚೆಯೇ ಡಂಗುರ ಬಂತು. ಎಲ್ಲೆಲ್ಲೂ ಗದ್ದಲದ ಕಾಲ. ಬಂದೂಕು, ಕಾಡತೂಸು ಇದ್ದವರೆಲ್ಲ ಜೇವರ್ಗಿ ಠಾಣೆಗೆ ತಂದು ಜಮಾ ಮಾಡಬೇಕೆಂದು ಸರ್ಕಾರದ ಹುಕುಂ. ಠಾಣೆಯ ಬೇವಿನ ಗಿಡದ ಕೆಳಗೆ ಇಬ್ಬರೂ ಹಿಂದೆ ಮುಂದೆ ನಿಂತಿದ್ದರು.

ದೊಡ್ಡ ಮಾವ ತಿರುಗದೆಯೇ ಕೇಳಿದ, "ಕೂಡ್ತೇನು?"

"ಕೂಡ್ತಣ್ಣಾ."

ಅಷ್ಟೇ. ಜಮಾದಾರ ಬಂದೂಕು ಇಸಿದುಕೊಂಡ. ಅವು ತಿರುಗಿ ಬರಲಿಲ್ಲ.

ಸೋಮವಾರ ಚಹಾ ಎರಡು ಸಲ ಕುದಿಯಿತು. ಕೊನೆಗೆ ದೊಡ್ಡ ಮಾವ ನನ್ನನ್ನು ಕಳಿಸಿದ. ಸಣ್ಣ ಮಾವ ಕಟ್ಟೆಯ ಮೇಲೆ ಖಾಲಿ ಕೈ ಇಟ್ಟುಕೊಂಡು ಕುಳಿತಿದ್ದ.

"ಬಂದೂಕಿಲ್ಲ, ಕಾಡತೂಸಿಲ್ಲ. ಬಂದು ಏನ ಮಾಡ್ಲೋ ಅಳಿಯಾ?"

"ಸುಮ್ನ ಬಂದು ಕೂಡ್ರಿ ಮಾವಾ."

ಜನ್ಮದಲ್ಲಿ ನಾನು ನಗಿಸಲೆಂದು ಆಡದ ಮಾತು ಅದೊಂದೇ ಇರಬೇಕು. ಅವನು ಅದನ್ನೂ ಚಾಷ್ಟಿಯೆಂದೇ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾರಿ ಇದ್ದೀಲೇ ನೀ" ಎಂದು ಬೆನ್ನಿಗೊಂದು ಗುದ್ದಿದ. ಕಟ್ಟೆ ಬಿಟ್ಟು ಏಳಲಿಲ್ಲ.